ಹತ್ತು ನಾಟ್‌ನ ಬೆಲೆ

ಹೊರಮಾವು ಮೂರು ರನ್‌ವೇಗಳ ನಡುವೆ ಸಿಕ್ಕಿಕೊಂಡ ಬಡಾವಣೆ. ದಕ್ಷಿಣಕ್ಕೆ ಎಚ್‌ಎಎಲ್ ನಿಲ್ದಾಣ, ವಾಯವ್ಯಕ್ಕೆ ಜಕ್ಕೂರು, ಅದರಾಚೆ ಯಲಹಂಕದ ವಾಯುಪಡೆ ನೆಲೆ. ತಾರಸಿಯಲ್ಲಿ ಬಟ್ಟೆ ಒಣಹಾಕುವವರಿಗೂ ಇಲ್ಲಿ ವಿಮಾನದ ಸದ್ದಿನ ಪರಿಚಯವಿದೆ. ಎಚ್‌ಎಎಲ್, ಎನ್‌ಎಎಲ್, ಇಸ್ರೋಗಳಲ್ಲಿ ದುಡಿದು ನಿವೃತ್ತರಾದವರು ಈ ಪೂರ್ವ ಬೆಂಗಳೂರಿನಲ್ಲಿ ಎಷ್ಟೋ ಜನ. ಅವರ ಮನೆಗಳಲ್ಲಿ ‘ಒಂದು ಕಿಟ್ ತರಿಸಿ ನಾವೇ ಕಟ್ಟಿದರೆ ಹೇಗೆ?’ ಎಂಬ ಮಾತು ಆಗಾಗ ಬರುತ್ತದೆ. ಕಟ್ಟುವುದರ ಬಗ್ಗೆ ಪುಸ್ತಕಗಳಿವೆ, ನಕ್ಷೆಗಳಿವೆ. ಕಟ್ಟಿದ್ದನ್ನು ಇಳಿಸುವುದರ ಬಗ್ಗೆ ಮಾತಾಡುವವರು ಕಮ್ಮಿ. ಈ ಬರಹ ಅದರ ಬಗ್ಗೆ.

ನಮ್ಮ ಊರಿನಲ್ಲೇ ಹುಟ್ಟಿದ ಎರಡು ವಿಮಾನಗಳನ್ನು ಇಟ್ಟುಕೊಂಡು ಈ ವಿಷಯ ಹೇಳಬಹುದು. ಒಂದು, ಫ್ರಾನ್ಸ್ ಮೂಲದ ಜೋಯೆಲ್ ಕೋಕ್ಲಿನ್ ಬೆಂಗಳೂರಿನಲ್ಲಿ ಕಟ್ಟಿದ ರಾಜ್ ಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯ ಎಕ್ಸ್-ಏರ್. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಮೇಲೆ ಹಾಯಿಬಟ್ಟೆಯಂಥ ಹೊದಿಕೆ, ಅಕ್ಕಪಕ್ಕ ಇಬ್ಬರಿಗೆ ಸೀಟು. ಇಲ್ಲಿಂದ ಕಿಟ್ ಆಗಿ ಹೊರದೇಶಗಳಿಗೆ ಹೋಯಿತು. ಬ್ರಿಟನ್ನಿನಲ್ಲಿ ಜನ ತಮ್ಮ ಶೆಡ್ಡುಗಳಲ್ಲಿ ಜೋಡಿಸಿ ಹಾರಿಸಿದರು. ಇನ್ನೊಂದು, ಎನ್‌ಎಎಲ್‌ನ ‘ಲೈಟ್ ಕನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್’. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ರೂಪಿಸಿದ ಲಾಂಗ್-ಈಝಡ್ ವಿಮಾನದ ಆಧಾರದ ಮೇಲೆ ಮಾಡಿದ್ದು. 1987ರ ಫೆಬ್ರವರಿ 26ರಂದು ಮೊದಲು ಹಾರಿತು. ಫೋಮ್ ಮತ್ತು ಗಾಜಿನ ನಾರಿನ ಆ ಕೆಲಸದ ಅನುಭವವೇ ಮುಂದೆ ಎನ್‌ಎಎಲ್‌ನ ‘ಹಂಸ’ ವಿಮಾನಕ್ಕೆ ದಾರಿ ಮಾಡಿತು.

ಇಳಿಯುವ ವಿಷಯಕ್ಕೆ ಬಂದರೆ ಇವೆರಡೂ ಉತ್ತರ-ದಕ್ಷಿಣ. ಒಂದು ವೇಗವನ್ನು ಕೈಯಲ್ಲಿ ಉಳಿಸಿಕೊಳ್ಳುವುದಿಲ್ಲ. ಇನ್ನೊಂದು ಬಿಡುವುದೇ ಇಲ್ಲ.

ಶಕ್ತಿಯ ಲೆಕ್ಕ ಮೊದಲು. ಹಾರುತ್ತಿರುವ ವಿಮಾನದ ಹತ್ತಿರ ಎತ್ತರ ಇದೆ, ವೇಗ ಇದೆ; ಎರಡೂ ಶಕ್ತಿಯೇ. ಬೆಂಗಳೂರಿನ ಹಳೆಯ ಸರಣಿ ಕೆರೆಗಳನ್ನು ನೆನೆಸಿಕೊಳ್ಳಿ. ಎತ್ತರ ಮೇಲಿನ ಕೆರೆ, ವೇಗ ಕೆಳಗಿನ ಕೆರೆ, ಕೈಯಲ್ಲಿರುವ ಸ್ಟಿಕ್ ನಡುವಿನ ತೂಬು. ಸ್ಟಿಕ್ ಮುಂದೆ ಒತ್ತಿದರೆ ಎತ್ತರ ವೇಗವಾಗುತ್ತದೆ, ಹಿಂದೆ ಎಳೆದರೆ ವೇಗ ಎತ್ತರವಾಗುತ್ತದೆ. (ಕೆರೆ ನೀರು ಹಿಂದಕ್ಕೆ ಹತ್ತದು, ಇಲ್ಲಿ ಹತ್ತುತ್ತದೆ, ವ್ಯತ್ಯಾಸ ಅಷ್ಟೇ.) ತೂಬು ತಿರುಗಿಸಿದರೆ ಒಟ್ಟು ನೀರು ಹೆಚ್ಚುವುದಿಲ್ಲ. ಹೆಚ್ಚಿಸುವುದು ಎಂಜಿನ್ ಎಂಬ ಮಳೆ ಮಾತ್ರ, ಖರ್ಚು ಮಾಡುವುದು ಗಾಳಿಯ ಎಳೆತ. ಹೊಸ ಪೈಲಟ್‌ಗಳ ಬಹುಪಾಲು ತಪ್ಪುಗಳು ಇಲ್ಲೇ ಹುಟ್ಟುತ್ತವೆ. ರನ್‌ವೇಗೆ ಮುಂಚೆಯೇ ನೆಲಕ್ಕಿಳಿಯುತ್ತೇನೆ ಅನಿಸಿದಾಗ ಸ್ಟಿಕ್ ಎಳೆಯುತ್ತಾರೆ. ಒಂದು ಕ್ಷಣ ಮೇಲೇರಿದಂತೆ ಕಾಣುತ್ತದೆ, ವೇಗ ಖಾಲಿಯಾಗುತ್ತದೆ, ಆಮೇಲೆ ಮೊದಲಿಗಿಂತ ಬೇಗ ಕೆಳಗಿಳಿಯುತ್ತದೆ. ಅಲ್ಲಿ ಬೇಕಿದ್ದದ್ದು ಥ್ರಾಟಲ್.

ಅಂಕಿಗಳಲ್ಲಿ ನೋಡೋಣ. 50 ನಾಟ್ ಎಂದರೆ ಗಂಟೆಗೆ ಸುಮಾರು 93 ಕಿ.ಮೀ. ಆ ವೇಗದಲ್ಲಿರುವ ಚಲನಶಕ್ತಿ ಸುಮಾರು 34 ಮೀಟರ್ ಎತ್ತರಕ್ಕೆ ಸಮ. 60 ನಾಟ್ ಆದರೆ 49 ಮೀಟರ್. ವೇಗ ಹೆಚ್ಚಿದ್ದು ಐದನೇ ಒಂದು ಪಾಲು, ಶಕ್ತಿ ಹೆಚ್ಚಿದ್ದು ನೂರಕ್ಕೆ 44. ಆ ಹೆಚ್ಚುವರಿ 15 ಮೀಟರನ್ನು ರನ್‌ವೇಯ ಮೇಲೆ ತೇಲುತ್ತಾ ಕಳೆಯಬೇಕು. ಎಷ್ಟು ದೂರ ತೇಲಬೇಕು ಎನ್ನುವುದು ವಿಮಾನದ ಜಾರುವ ಗುಣದ ಮೇಲೆ ನಿಂತಿದೆ. ಬಟ್ಟೆ, ತಂತಿ, ಆಸರೆಗಂಬಗಳ ಮೈಕ್ರೋಲೈಟ್ ಒಂದು ಅಡಿ ಇಳಿಯುವಷ್ಟರಲ್ಲಿ 6 ಅಡಿ ಮುಂದೆ ಹೋಗುತ್ತದೆ ಎಂದಿಟ್ಟುಕೊಂಡರೆ, ಹತ್ತು ನಾಟ್ ಕರಗಲು 90 ಮೀಟರ್ ಸಾಕು. 15 ಅಡಿ ಹೋಗುವ ನುಣುಪು ಮೈಯ ವಿಮಾನಕ್ಕೆ 220 ಮೀಟರಿಗೂ ಹೆಚ್ಚು ಬೇಕು. ಜಕ್ಕೂರಿನ ರನ್‌ವೇ ಒಂದು ಕಿಲೋಮೀಟರಿಗಿಂತ ಕಡಿಮೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನೆಲದ ಹತ್ತಿರ, ರೆಕ್ಕೆಗಳ ತುದಿಯಿಂದ ತುದಿಗಿನ ಅಗಲದ ಅರ್ಧದಷ್ಟು ಎತ್ತರಕ್ಕಿಂತ ಕೆಳಗೆ ಬಂದಾಗ ಎಳೆತ ಇನ್ನೂ ಕಡಿಮೆಯಾಗುವುದರಿಂದ ನಿಜದಲ್ಲಿ ತೇಲುವ ದೂರ ಇದಕ್ಕಿಂತ ಜಾಸ್ತಿಯೇ.

ಹಾಗಾದರೆ ಸರಿಯಾದ ವೇಗ ಯಾವುದು? ಇಳಿಯುವ ರೂಪದಲ್ಲಿ, ಅಂದರೆ ಫ್ಲಾಪ್ ಇದ್ದರೆ ಇಳಿಸಿಕೊಂಡು, ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, ವೇಗದ 1.3 ಪಟ್ಟು. 38 ನಾಟ್‌ಗೆ ಸ್ಟಾಲ್ ಆಗುವ ವಿಮಾನಕ್ಕೆ 49 ಅಥವಾ 50. ಗಾಳಿ ಬಿಟ್ಟು ಬಿಟ್ಟು ಬೀಸುತ್ತಿದ್ದರೆ ಏರಿಳಿತದ ಅರ್ಧದಷ್ಟು ಸೇರಿಸಿಕೊಳ್ಳುವುದು ರೂಢಿ; 10ರಿಂದ 18 ನಾಟ್‌ಗೆ ಜಿಗಿಯುವ ಗಾಳಿಯಲ್ಲಿ 4 ನಾಟ್. ಹೆದರಿಕೆಗೆಂದು ಐದು, ಹೆಂಡತಿ ಮಕ್ಕಳ ನೆನಪಿಗೆಂದು ಇನ್ನೈದು ಸೇರಿಸುವವರು ಸುರಕ್ಷತೆ ಕೊಂಡುಕೊಂಡೆವು ಎಂದುಕೊಳ್ಳುತ್ತಾರೆ. ಕೊಂಡದ್ದು ರನ್‌ವೇಯ ಕೊನೆಯ ಬೇಲಿ.

ತೂಕದ ಲೆಕ್ಕ ಎಷ್ಟೋ ಜನ ಮರೆಯುತ್ತಾರೆ. ಇಬ್ಬರು ಕೂತು 450 ಕೆ.ಜಿ. ಇದ್ದಾಗ 38 ನಾಟ್‌ಗೆ ಸ್ಟಾಲ್ ಆಗುವ ವಿಮಾನ, ಒಬ್ಬರೇ ಕೂತು 350 ಕೆ.ಜಿ. ಆದಾಗ 33–34 ನಾಟ್‌ವರೆಗೂ ಹಾರುತ್ತದೆ. ಬೋಧಕರು ಇಳಿದು ಹೋಗಿ, ನೀವು ಮೊದಲ ಸಲ ಒಬ್ಬರೇ ಹಾರುವ ದಿನ ವಿಮಾನ ಇಳಿಯಲು ಒಲ್ಲೆ ಎನ್ನುವುದಕ್ಕೆ ಅರ್ಧ ಕಾರಣ ಇದು. ನೀವು ಹಳೆಯ ವೇಗದಲ್ಲೇ ಬರುತ್ತಿದ್ದೀರಿ. ಆ ವಿಮಾನಕ್ಕೆ ಈಗ ಅದು ಐದಾರು ನಾಟ್ ಹೆಚ್ಚು.

ಈ 38, 33 ಎಂಬ ಅಂಕಿಗಳು ಉದಾಹರಣೆ ಮಾತ್ರ, ನಿಮ್ಮ ವಿಮಾನದವಲ್ಲ. ಕಾರ್ಖಾನೆಯಿಂದ ಬಂದ ಸೆಸ್ನಾಕ್ಕೆ ಅದರ ಕೈಪಿಡಿ ಇರುತ್ತದೆ. ಮನೆಯಲ್ಲಿ ಕಟ್ಟಿದ ವಿಮಾನ ಒಂದೊಂದೂ ಬೇರೆ. ಅದೇ ಕಿಟ್, ಅದೇ ನಕ್ಷೆ. ಆದರೆ ಒಬ್ಬರ ರೆಕ್ಕೆಯ ಅಂಚು ಒಂದು ಕೂದಲೆಳೆ ತಿರುಚಿರುತ್ತದೆ, ಇನ್ನೊಬ್ಬರು ಬಣ್ಣ ಬಳಿದು ಹತ್ತು ಕಿಲೋ ಏರಿಸಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ವೇಗ ತೋರುವ ಮೀಟರೇ ಸುಳ್ಳು ಹೇಳಬಹುದು. ಮೂಗು ಮೇಲೆತ್ತಿ ನಿಧಾನ ಹಾರುವಾಗ ಪಿಟೋ ಕೊಳವೆಗೆ ಗಾಳಿ ಓರೆಯಾಗಿ ಬಡಿಯುತ್ತದೆ. ಮೀಟರ್ ಕಡಿಮೆ ತೋರಿಸುತ್ತದೆ. ಆದ್ದರಿಂದ ನಿಮ್ಮ ವಿಮಾನದ ಸ್ಟಾಲ್ ವೇಗ ಎಂದರೆ ನಿಮ್ಮ ಮೀಟರಿನಲ್ಲಿ, ನಿಮ್ಮ ತೂಕಕ್ಕೆ, ನೀವು ಕಂಡು ಬರೆದಿಟ್ಟುಕೊಂಡ ಅಂಕಿ. ಪಕ್ಕದವರ ಅಂಕಿಯನ್ನು ಕಡ ತರುವಂತಿಲ್ಲ.

ಇದಕ್ಕೆ ದಾರಿ ಸರಳ, ತಾಳ್ಮೆ ಬೇಕು. ನೆಲದಿಂದ ಮೂರು ಸಾವಿರ ಅಡಿಗಿಂತ ಮೇಲೆ, ಕೆಳಗೆ ಬಯಲಿರುವ ಕಡೆ, ಮೊದಲು ಬೋಧಕರೊಂದಿಗೆ ಹೋಗಿ. ಥ್ರಾಟಲ್ ಇಳಿಸಿ, ಎತ್ತರ ಬದಲಾಗದಂತೆ ಸೆಕೆಂಡಿಗೆ ಒಂದು ನಾಟ್‌ನಂತೆ ವೇಗ ತಗ್ಗಿಸುತ್ತಾ ಹೋಗಿ. ವಿಮಾನ ಬಿಟ್ಟುಕೊಟ್ಟ ವೇಗ ಬರೆದುಕೊಳ್ಳಿ. ಫ್ಲಾಪ್ ಇಲ್ಲದೆ, ಫ್ಲಾಪ್ ಸಹಿತ, ಒಬ್ಬರೇ ಇದ್ದಾಗ, ಇಬ್ಬರಿದ್ದಾಗ, ಬೇರೆ ಬೇರೆ. ಆಮೇಲೆ ಆಕಾಶದಲ್ಲೇ ಒಂದು ರನ್‌ವೇ ಊಹಿಸಿಕೊಳ್ಳಿ: ಎತ್ತರದ ಮೀಟರಿನಲ್ಲಿ 6000 ಅಡಿಯೇ ‘ನೆಲ’. 7000ದಿಂದ ಎಂಜಿನ್ ಐಡಲ್‌ಗೆ ತಂದು ಇಳಿದು ಬನ್ನಿ. ನಿಮಿಷಕ್ಕೆ ಎಷ್ಟು ಅಡಿ ಇಳಿಯಿತು, 180 ಡಿಗ್ರಿ ತಿರುಗಲು ಎಷ್ಟು ಅಡಿ ಹೋಯಿತು ಬರೆದಿಡಿ. ಆ ‘ನೆಲ’ದಲ್ಲಿ ಫ್ಲೇರ್ ಮಾಡಿ, ಅಂದರೆ ಮೂಗು ಮೆಲ್ಲಗೆ ಎತ್ತಿ ಇಳಿತ ತಡೆದು, ನೋಡಿ, ಸ್ಟಿಕ್ ಎಳೆದ ಮೇಲೆ ಸ್ಟಾಲ್ ಆಗುವವರೆಗೆ ಎಷ್ಟು ಸೆಕೆಂಡ್ ಸಿಗುತ್ತದೆ ಎಣಿಸಿ. ಎಕ್ಸ್-ಏರ್ ಜಾತಿಯ ವಿಮಾನದಲ್ಲಿ ಆ ಎಣಿಕೆ ಶುರುವಾಗುವಷ್ಟರಲ್ಲಿ ಮುಗಿದಿರುತ್ತದೆ.

ಯಾಕೆಂದರೆ ಅದು ಹಗುರ. ಹಗುರವಾದದ್ದಕ್ಕೆ ಸಂಗ್ರಹದ ಶಕ್ತಿ ಕಮ್ಮಿ, ಎಳೆತ ಮಾತ್ರ ದಂಡಿಯಾಗಿದೆ. ರನ್‌ವೇಯ ಅಂಚಿನಲ್ಲಿ ನೂರು ಅಡಿ ಮೇಲಿದ್ದಾಗ ಥ್ರಾಟಲ್ ಪೂರ್ತಿ ಮುಚ್ಚಿ ನೋಡಿದವರಿಗೆ ಗೊತ್ತು: ಹೊದಿಕೆಯ ಮೇಲೆ ಗಾಳಿಯ ಸದ್ದು ತಟ್ಟನೆ ತಗ್ಗುತ್ತದೆ, ಕೈಯಲ್ಲಿ ಸ್ಟಿಕ್ ಸಡಿಲವಾಗುತ್ತದೆ, ಮೀಟರಿನ ಮುಳ್ಳು ನೋಡುತ್ತಿದ್ದಂತೆ ಕೆಳಗೆ ಸರಿಯುತ್ತದೆ. ನಿಧಾನ ತಿರುಗುವ ಪ್ರೊಪೆಲ್ಲರ್ ಕೂಡ ಮುಂದೆ ತಟ್ಟೆ ಹಿಡಿದಂತೆ ತಡೆಯುತ್ತದೆ. ಆ ವೇಗ ಉಳಿಯಬೇಕಾದರೆ ಮೂಗು ತಕ್ಷಣ ತಗ್ಗಿಸಬೇಕು. ಸೆಸ್ನಾದಲ್ಲಿ ಕಲಿತು ಬಂದವರಿಗೆ ನೆಲದ ಕಡೆ ಅಷ್ಟು ಕಡಿದಾಗಿ ಮೂಗು ಮಾಡುವುದು ಮನಸ್ಸಿಗೆ ಒಗ್ಗುವುದಿಲ್ಲ. ಅದಕ್ಕೇ ಇಂಥ ವಿಮಾನಗಳಲ್ಲಿ ಹೊಸಬರು ಸ್ವಲ್ಪ ಎಂಜಿನ್ ಇಟ್ಟುಕೊಂಡೇ ಬಂದು, ಫ್ಲೇರ್ ಮುಗಿದು ಚಕ್ರ ನೆಲಕ್ಕೆ ಒಂದೆರಡು ಅಡಿ ಇರುವಾಗ ಮುಚ್ಚುವುದು ಒಳ್ಳೆಯದು. ಫ್ಲೇರ್ ಎತ್ತರದಲ್ಲಿ ಶುರು ಮಾಡಬೇಡಿ. ಹತ್ತಡಿ ಮೇಲೆ ವೇಗ ಮುಗಿದರೆ ಹತ್ತಡಿ ಬೀಳುತ್ತೀರಿ. ಮೊದಲು ಬಾಗುವುದು ಚಕ್ರದ ಅಚ್ಚು, ಆಮೇಲೆ ನಿಮ್ಮ ಬೆನ್ನು.

ಲಾಂಗ್-ಈಝಡ್ ಕತೆ ಬೇರೆ. ಮುಂದೆ ಸಣ್ಣ ರೆಕ್ಕೆ, ಹಿಂದೆ ದೊಡ್ಡ ರೆಕ್ಕೆ, ಬಾಲದಲ್ಲಿ ಪ್ರೊಪೆಲ್ಲರ್. ಮುಂದಿನ ರೆಕ್ಕೆ ಯಾವಾಗಲೂ ಮೊದಲು ಸ್ಟಾಲ್ ಆಗುವಂತೆ ರುಟಾನ್ ಲೆಕ್ಕ ಹಾಕಿದ. ಹಾಗಾಗಿ ನಿಧಾನವಾದಾಗ ಮೂಗು ತಾನೇ ತಗ್ಗಿ ಮತ್ತೆ ಏಳುತ್ತದೆ, ದೊಡ್ಡ ರೆಕ್ಕೆಯ ತನಕ ಸ್ಟಾಲ್ ಬರುವುದಿಲ್ಲ. ಗಿರಕಿ ಹೊಡೆದು ಬೀಳುವ ಭಯಕ್ಕೆ ಇದು ಒಳ್ಳೆಯ ಮದ್ದು. ಬೆಲೆ ತೆರುವುದು ಇಳಿಯುವಾಗ: ದೊಡ್ಡ ರೆಕ್ಕೆಯ ಪೂರ್ತಿ ಸಾಮರ್ಥ್ಯ ಬಳಸಲು ಆಗುವುದಿಲ್ಲ, ಫ್ಲಾಪ್ ಇಲ್ಲ, ಮೈ ಸಾಬೂನಿನಷ್ಟು ನುಣುಪು. ಹೊಟ್ಟೆಯ ಕೆಳಗೆ ತೆರೆಯುವ ಒಂದು ಗಾಳಿ ತಡೆಹಲಗೆ ಇದೆ, ಅದನ್ನು ಮರೆತರೆ ರನ್‌ವೇ ಕಣ್ಣೆದುರೇ ಸರಿದು ಹೋಗುತ್ತದೆ. ರೆಕ್ಕೆ ತುದಿಯ ಎರಡು ರಡ್ಡರ್‌ಗಳು ಹೊರಕ್ಕೆ ಮಾತ್ರ ತೆರೆದುಕೊಳ್ಳುತ್ತವೆ, ಒಂದಕ್ಕೊಂದು ಸಂಬಂಧವಿಲ್ಲ. ಎರಡೂ ಪೆಡಲ್ ಒಟ್ಟಿಗೆ ಒತ್ತಿ ಎರಡನ್ನೂ ತೆರೆದು ಎಳೆತ ಹೆಚ್ಚಿಸಿಕೊಳ್ಳುವುದು ಈಝಡ್ ಪೈಲಟ್‌ಗಳ ಹಳೆಯ ಉಪಾಯ. ಮೆತ್ತಗೆ ಇಳಿಸುವ ಆಸೆಗೆ ಮೂಗನ್ನು ಬಹಳ ಎತ್ತಿದರೆ ಹಿಂದಿನ ಪ್ರೊಪೆಲ್ಲರ್ ನೆಲಕ್ಕೆ ತಾಗುತ್ತದೆ. ಈ ವಿಮಾನದಲ್ಲಿ ಇಳಿಯುವುದು ಎಂದರೆ ಡೌನ್‌ವಿಂಡ್‌ನಲ್ಲೇ, ಅಂದರೆ ರನ್‌ವೇಗೆ ಸಮಾನಾಂತರವಾಗಿ ಉಲ್ಟಾ ದಿಕ್ಕಿನಲ್ಲಿ ಹೋಗುವಾಗಲೇ, ವೇಗ ಕಳೆದುಕೊಂಡಿರುವುದು. ಅಲ್ಲಿ ಕಳೆಯದ ವೇಗ, ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ದಾರಿಯಾದ ಫೈನಲ್‌ನಲ್ಲಿ ಕಳೆಯುವುದಿಲ್ಲ.

ಮೂರನೆಯ ಬಗೆ, ಬಾಲದಲ್ಲಿ ಚಕ್ರವಿರುವ ವಿಮಾನ. ಎಚ್‌ಎಎಲ್‌ನ ಪುಷ್ಪಕ್ ಅಂಥದ್ದು. 1958ರ ಸೆಪ್ಟೆಂಬರ್ 28ರಂದು ಮೊದಲು ಹಾರಿ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರಿಗೆ ಹಾರಲು ಕಲಿಸಿತು. ಇಲ್ಲಿ ಮಿಕ್ಕ ವೇಗದಲ್ಲಿ ಮುಂದಿನ ಚಕ್ರ ನೆಲ ಮುಟ್ಟಿದರೆ ಬಾಲ ಕೆಳಗೆ ಬೀಳುತ್ತದೆ, ರೆಕ್ಕೆಯ ಕೋನ ಹೆಚ್ಚುತ್ತದೆ, ವಿಮಾನ ಮತ್ತೆ ಮೇಲೆ ಪುಟಿಯುತ್ತದೆ. ಮೂರೂ ಚಕ್ರ ಒಟ್ಟಿಗೆ, ವೇಗ ಪೂರ್ತಿ ಮುಗಿದ ಮೇಲೆ. ನಿಂತು ಎಂಜಿನ್ ಆರುವವರೆಗೂ ಕಾಲು ರಡ್ಡರ್ ಮೇಲಿಂದ ತೆಗೆಯಬಾರದು.

ಇನ್ನು ನಮ್ಮ ಊರಿನ ಗಾಳಿ. ಎಚ್‌ಎಎಲ್ ರನ್‌ವೇ ಸಮುದ್ರಮಟ್ಟದಿಂದ 2912 ಅಡಿ ಎತ್ತರದಲ್ಲಿದೆ, ಜಕ್ಕೂರು ಸುಮಾರು 3000. ಈ ಎತ್ತರಕ್ಕೆ ಪುಸ್ತಕದ ಪ್ರಕಾರ ಇರಬೇಕಾದ ತಾಪ 9 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ 34 ಇರುತ್ತದೆ. ಒಂದು ಡಿಗ್ರಿಗೆ 120 ಅಡಿಯಂತೆ ಕೂಡಿಸಿದರೆ ಗಾಳಿ 6000 ಅಡಿಯಷ್ಟು ತೆಳು. ನಿಮ್ಮ ಮೀಟರ್ 50 ತೋರಿಸುವಾಗ ನಿಜವಾದ ವೇಗ ಸುಮಾರು 55 ನಾಟ್. ಚಕ್ರ ಮುಟ್ಟುವಾಗ ಬ್ರೇಕ್ ತಿನ್ನಬೇಕಾದ ಶಕ್ತಿ ನೂರಕ್ಕೆ 20ರಷ್ಟು ಹೆಚ್ಚು. ನೆಲ ಬೇಗ ಓಡುವುದನ್ನು ಕಂಡು ‘ವೇಗ ಜಾಸ್ತಿಯಾಯಿತು’ ಎಂದು ಸ್ಟಿಕ್ ಎಳೆಯುವುದು ಇಂಥ ದಿನದ ತಪ್ಪು. ಮೀಟರನ್ನು ನಂಬಿ, ನೆಲವನ್ನಲ್ಲ. ಎನ್‌ಎಎಲ್‌ನ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಎಚ್‌ಎಎಲ್‌ನಲ್ಲಿ ಮೊದಲು ಹಾರಿದ ಮೇಲೂ, 2022ರ ಫೆಬ್ರವರಿಯಲ್ಲಿ ಸಮುದ್ರಮಟ್ಟದ ಪರೀಕ್ಷೆಗೆಂದೇ ಪುದುಚೇರಿಗೆ ಹಾರಿಹೋಯಿತು. ಗಾಳಿಯ ಸಾಂದ್ರತೆ ಬದಲಾದರೆ ವಿಮಾನದ ನಡತೆ ಬದಲಾಗುತ್ತದೆ, ಅಷ್ಟು ದೊಡ್ಡ ಸಂಸ್ಥೆಯೂ ಅದನ್ನು ಹೋಗಿ ಅಳೆದು ನೋಡಬೇಕು.

ಬೆಂಗಳೂರಿನ ರನ್‌ವೇಗಳು ಹೆಚ್ಚುಕಮ್ಮಿ ಪೂರ್ವ-ಪಶ್ಚಿಮ. ಮಳೆಗಾಲದಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಎರಡೂ ರನ್‌ವೇ ಉದ್ದಕ್ಕೆ ಬೀಸುವುದರಿಂದ ನಮಗೆ ಅಡ್ಡಗಾಳಿಯ ಕಾಟ ಕಡಿಮೆ. ಕಾಟ ಇರುವುದು ಮಾರ್ಚ್‌ನಿಂದ ಮೇವರೆಗೆ, ಕಾದ ಡಾಂಬರು ಮತ್ತು ಕಾಂಕ್ರೀಟಿನಿಂದ ಏಳುವ ಬಿಸಿಗಾಳಿಯ ಕಂಬಗಳಿಂದ. ಅವುಗಳ ಒಳಗೆ ಹೊಕ್ಕರೆ ವಿಮಾನ ಏರುತ್ತದೆ, ಪಕ್ಕಕ್ಕೆ ಬಂದರೆ ಕುಸಿಯುತ್ತದೆ. ಹೊರಮಾವಿನ ಪಕ್ಕದ ಕಲ್ಕೆರೆಯ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುವುದನ್ನು ನೋಡಿದರೆ ಆ ಕಂಬ ಎಲ್ಲಿದೆ ಎಂದು ಗೊತ್ತಾಗುತ್ತದೆ; ಹದ್ದಿಗೆ ಬಡಿಯುವ ಅಪಾಯವೂ ಅಲ್ಲೇ. ಹಗುರ ವಿಮಾನಗಳಿಗೆ ಬೇಸಿಗೆಯಲ್ಲಿ ಬೆಳಗಿನ ಒಂಬತ್ತರೊಳಗಿನ ಹೊತ್ತೇ ಲೇಸು.

ಇಳಿಯುವ ದಾರಿಯಲ್ಲಿ ಕಣ್ಣು ಎಲ್ಲಿಡಬೇಕು? ರನ್‌ವೇಯ ಮೇಲೆ ಒಂದು ಗುರುತು ಆರಿಸಿಕೊಳ್ಳಿ. ವೇಗ ಸ್ಥಿರವಾಗಿಟ್ಟು ಬರುವಾಗ ಆ ಗುರುತು ಗಾಜಿನ ಮೇಲೆ ಅಲುಗದೆ ನಿಂತಿದ್ದರೆ ಅಲ್ಲಿಗೇ ಹೋಗುತ್ತಿದ್ದೀರಿ. ಗಾಜಿನಲ್ಲಿ ಮೇಲಕ್ಕೆ ಸರಿದರೆ ಮುಂಚೆಯೇ ನೆಲ ಸೇರುತ್ತೀರಿ, ಥ್ರಾಟಲ್ ಬೇಕು. ಕೆಳಕ್ಕೆ ಸರಿದರೆ ದಾಟಿ ಹೋಗುತ್ತೀರಿ: ಥ್ರಾಟಲ್ ತಗ್ಗಿಸಿ, ಫ್ಲಾಪ್ ಇಲ್ಲದಿದ್ದರೆ ಒಂದು ರೆಕ್ಕೆ ತಗ್ಗಿಸಿ ಎದುರು ರಡ್ಡರ್ ಕೊಟ್ಟು ಓರೆಯಾಗಿ ಜಾರಿ. ಓರೆಯಲ್ಲಿ ಮೀಟರ್ ಇನ್ನಷ್ಟು ಸುಳ್ಳು ಹೇಳುತ್ತದೆ, ಮೂಗಿನ ಮಟ್ಟ ನೋಡಿಕೊಂಡೇ ಹಾರಬೇಕು. ಜಕ್ಕೂರಿನ ಪಡುವಣ ತುದಿಗೆ ಬಳ್ಳಾರಿ ರಸ್ತೆಯ ಎತ್ತರದ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಆ ಕಡೆಯಿಂದ ಇಳಿಯುವವರಿಗೆ ಈ ಲೆಕ್ಕ ಇನ್ನೂ ಬಿಗಿಯಾಯಿತು. ಅಡೆತಡೆ ದಾಟಿ ಕಡಿದಾಗಿ ಇಳಿಯಬೇಕಾದಲ್ಲಿ ಹೆಚ್ಚಿನ ವೇಗಕ್ಕೆ ಜಾಗವೇ ಇಲ್ಲ.

ಸಾವು ತರುವ ತಪ್ಪು ಮಾತ್ರ ರನ್‌ವೇಯ ಮೇಲಿನದ್ದಲ್ಲ, ಅದಕ್ಕೆ ಮೊದಲಿನ ತಿರುವಿನದು. ರನ್‌ವೇಗೆ ಅಡ್ಡವಾಗಿ ಬರುವ ಬೇಸ್‌ನಿಂದ ಫೈನಲ್‌ಗೆ ತಿರುಗುವಾಗ ಬೆನ್ನಗಾಳಿಗೆ ರನ್‌ವೇಯ ಗೆರೆ ದಾಟಿಬಿಡುತ್ತೀರಿ. ರೆಕ್ಕೆಯನ್ನು ಇನ್ನೂ ಬಗ್ಗಿಸಲು ಹೆದರಿ ಕಾಲಿನಿಂದ ರಡ್ಡರ್ ಒತ್ತಿ ಮೂಗು ತಿರುಗಿಸುತ್ತೀರಿ, ಮೂಗು ತಗ್ಗಿತೆಂದು ಸ್ಟಿಕ್ ಎಳೆಯುತ್ತೀರಿ. ಒಳಗಿನ ರೆಕ್ಕೆ ಸ್ಟಾಲ್ ಆಗಿ ವಿಮಾನ ತಲೆಕೆಳಗಾಗುತ್ತದೆ. ಮುನ್ನೂರು ಅಡಿಯಲ್ಲಿ ಸರಿಪಡಿಸಲು ಸಮಯವಿಲ್ಲ. ಎತ್ತರ ಕಾಯ್ದುಕೊಂಡು 30 ಡಿಗ್ರಿ ಬಾಗಿ ತಿರುಗಿದರೆ ಸ್ಟಾಲ್ ವೇಗ ನೂರಕ್ಕೆ 7 ಏರುತ್ತದೆ, 45ಕ್ಕೆ 19, 60ಕ್ಕೆ 41. ಮೂವತ್ತರ ಗೆರೆ ದಾಟಬೇಡಿ. ಗೆರೆ ತಪ್ಪಿದರೆ ತಪ್ಪಲಿ, ಥ್ರಾಟಲ್ ಕೊಟ್ಟು ಮೇಲೆ ಹೋಗಿ ಮತ್ತೆ ಬನ್ನಿ.

ಮತ್ತೆ ಹೋಗುವ ತೀರ್ಮಾನವನ್ನೂ ಬೇಗ ಮಾಡಬೇಕು. 6000 ಅಡಿಯಷ್ಟು ತೆಳುಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ತನ್ನ ಬಲದಲ್ಲಿ ಐದನೇ ಒಂದು ಪಾಲಿನಷ್ಟು ಕಳೆದುಕೊಂಡಿರುತ್ತದೆ. ಇಬ್ಬರು ಕೂತ ಮೈಕ್ರೋಲೈಟ್ ನೆಲದಿಂದ ಹತ್ತಡಿ ಮೇಲೆ, ವೇಗ ಮುಗಿದ ಮೇಲೆ, ಏರು ಎಂದರೆ ಏರದು. 200 ಅಡಿಯಲ್ಲಿ ವೇಗ, ಗೆರೆ, ಇಳಿತ ಈ ಮೂರರಲ್ಲಿ ಒಂದು ಸರಿಯಿಲ್ಲದಿದ್ದರೂ ಮೇಲೆ ಹೋಗಿ. ಪುಟಿದಾಗಲೂ ಅಷ್ಟೇ: ಮೂಗು ಒತ್ತಿ ನೆಲಕ್ಕೆ ಮೊಳೆ ಹೊಡೆಯಲು ಹೋಗಬೇಡಿ. ಎರಡನೇ ಪುಟಿತ ಮೊದಲನೆಯದಕ್ಕಿಂತ ಎತ್ತರ, ಮೂರನೆಯದರಲ್ಲಿ ಮೂಗಿನ ಚಕ್ರ ಮುರಿಯುತ್ತದೆ.

ಮನೆಯಲ್ಲಿ ಕಟ್ಟಿದ್ದಾದರೂ ನೋಂದಣಿ, ಹಾರಾಟದ ಅನುಮತಿ, ಪರೀಕ್ಷಾ ಹಾರಾಟದ ಷರತ್ತು ಎಲ್ಲವೂ ವಾಯುಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೈಯಲ್ಲಿದೆ. 2025ರ ಜನವರಿ 1ರಿಂದ 1934ರ ಹಳೆಯ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಕಿಟ್‌ಗೆ ಮುಂಗಡ ಕೊಡುವ ಮೊದಲೇ ಈಗಿನ ನಿಯಮ ವಿಚಾರಿಸಿಕೊಳ್ಳಿ. ಹೊರಮಾವಿನಲ್ಲಿ ಕಟ್ಟಬಹುದು, ಹೊರಮಾವಿನ ಮೇಲೆ ಪರೀಕ್ಷೆ ಮಾಡುವಂತಿಲ್ಲ. 500 ಅಡಿಯಲ್ಲಿ ಎಂಜಿನ್ ನಿಂತರೆ ಎಕ್ಸ್-ಏರ್ ಜಾತಿಯ ವಿಮಾನ ಜಾರುವುದು ಒಂದು ಕಿಲೋಮೀಟರ್ ಕೂಡ ಇಲ್ಲ, ಇಲ್ಲಿ ಅಷ್ಟು ದೂರದಲ್ಲಿ ಖಾಲಿ ನೆಲ ಉಳಿದಿಲ್ಲ. ನಿಮ್ಮ ವಿಮಾನ ಹೊರಗೆ ಬರುವ ಮೊದಲು ಅದೇ ಜಾತಿಯ, ಅದೇ ತೂಕದ, ಅದೇ ಎಳೆತದ ಇನ್ನೊಂದು ವಿಮಾನದಲ್ಲಿ ಬೋಧಕರ ಪಕ್ಕ ಕೂತು ಇಳಿಯುವುದನ್ನು ಕಲಿಯಿರಿ. ಬೋಯಿಂಗ್ ಹಾರಿಸಿದವರಾದರೂ ಸರಿಯೇ.